ಬೈಗುಳಕ್ಕೊಂದು ಕಲ್ಲು

ಒಂದೂರಿತ್ತು. ಆ ಊರಿಗೊಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲೇ ಯಾರಾದರೂ 'ಇದು ನಮ್ಮ ಮಾವನ ಕಥೆ' ಎಂದು ಪಕ್ಕದವರ ಮುಖ ನೋಡುತ್ತೀರಿ.

ಸಾಹುಕಾರನಿಗೆ ಊರಾಚೆ ಒಂದು ಕಲ್ಲಿನ ಗಣಿ ಇತ್ತು. ನಲವತ್ತು ವರ್ಷ ಸುತ್ತಿಗೆಗಳ ಸದ್ದಿನ ನಡುವೆ ನಿಂತು ಕೂಗಿ ಕೂಗಿ ಅವನ ಗಂಟಲು ದೊಡ್ಡದಾಗಿತ್ತು. ಗಂಟಲಿನ ಜೊತೆಗೆ ಬಾಯಿಯೂ ಕೆಟ್ಟಿತ್ತು. ಗಣಿಯಲ್ಲಿ 'ಸ್ವಲ್ಪ ಸರಿ ತಮ್ಮಾ' ಎಂದು ಮೆತ್ತಗೆ ಹೇಳುವಷ್ಟರಲ್ಲಿ ಬಂಡೆ ಕಾಲ ಮೇಲೆ ಬಂದಿರುತ್ತದೆ. ಒಂದು ಬೈಗುಳ ಎಸೆದರೆ ಮನುಷ್ಯ ಹಾರಿ ಪಕ್ಕಕ್ಕೆ ನಿಲ್ಲುತ್ತಾನೆ. ಅಲ್ಲಿ ಬೈಗುಳ ಬೈಗುಳವಲ್ಲ, ಎಚ್ಚರಿಕೆಯ ಗಂಟೆ. ಸರಿ, ಒಪ್ಪೋಣ. ಆದರೆ ನೋಡಿ, ಮನೆಗೆ ಬಂದಾಗ ಚಪ್ಪಲಿಯ ದೂಳನ್ನು ಹೊಸ್ತಿಲ ಹೊರಗೇ ಕೊಡವುತ್ತಿದ್ದ ಆ ಮನುಷ್ಯ, ಬಾಯಿಯ ದೂಳನ್ನು ಕೊಡವುವುದಕ್ಕೆ ಮರೆತ. ಅನ್ನ ಬಿಸಿಯಾಗಿದ್ದರೆ ಅನ್ನಕ್ಕೆ ಬೈಗುಳ. ಆರಿದ್ದರೆ ಗಾಳಿಗೆ ಬೈಗುಳ. ಬಾಗಿಲು ಕಿರುಗುಟ್ಟಿದರೆ ಬಾಗಿಲು ಮಾಡಿದ ಬಡಗಿಯ ತಾತನಿಗೆ ಬೈಗುಳ.

ಏನೆಂದು ಬೈಯುತ್ತಿದ್ದ? ಅದನ್ನು ಈ ಪೀಠದ ಮೇಲೆ ಕೂತು ನಾನು ಹೇಳಲಾರೆ. ಆ ಮಾತು ಬರುವ ಕಡೆಯೆಲ್ಲ ನಾನು ಸುಮ್ಮನಾಗುತ್ತೇನೆ, ನೀವು ತುಂಬಿಕೊಳ್ಳಿ. ಹೂಂ, ನಕ್ಕಿರಿ. ಅಂದರೆ ತುಂಬಿಕೊಳ್ಳುವುದಕ್ಕೆ ನಿಮ್ಮ ಹತ್ತಿರ ಸಾಮಾನಿದೆ ಎಂದಾಯಿತು.

ಸಾಹುಕಾರನಿಗೆ ಒಬ್ಬ ಮಗ, ಅಪ್ಪನ ಮುಂದೆ ಬಾಯಿ ತೆರೆಯದವನು. ಒಬ್ಬಳು ಸೊಸೆ. ಎರಡು ವರ್ಷದ ಒಬ್ಬಳು ಮೊಮ್ಮಗಳು. ಆ ಮೊಮ್ಮಗಳೆಂದರೆ ಸಾಹುಕಾರನಿಗೆ ಪ್ರಾಣ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಅವನ ಬೆಳಗು, ಹೆಗಲ ಮೇಲೆ ಕೂರಿಸಿಕೊಂಡೇ ಅವನ ಸಂಜೆ. ಬಾಯಿ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಆ ಬಾಯಿಗೆ ಅತಿ ಹತ್ತಿರ ಇದ್ದ ಕಿವಿ ಯಾವುದು? ಹೆಗಲ ಮೇಲಿದ್ದ ಕಿವಿ.

ಒಂದು ದಿನ ಸೊಸೆಯ ಅಣ್ಣ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. "ಮಾಮಾ ಬಂದಾನ ನೋಡವ್ವಾ, ನಮಸ್ಕಾರ ಮಾಡು" ಎಂದಳು ಸೊಸೆ. ಮಗು ಎರಡೂ ಕೈ ಜೋಡಿಸಿತು. ತಲೆ ಬಾಗಿಸಿತು. ಆಮೇಲೆ ಮುದ್ದಾಗಿ, ಅಕ್ಷರ ತಪ್ಪದಂತೆ...

ಇಲ್ಲಿ ನಾನು ಸುಮ್ಮನಾಗುತ್ತೇನೆ.

ಮನೆಯೆಲ್ಲ ನಕ್ಕಿತು. ಬೈಸಿಕೊಂಡ ಸೋದರಮಾವನೂ ನಕ್ಕ. ಸಾಹುಕಾರನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಗದೆ ಇದ್ದವಳು ಒಬ್ಬಳೇ, ಸೊಸೆ. ಮರುದಿನ ಬೆಳಿಗ್ಗೆ ಅವಳು ಮಗುವನ್ನು ಸೊಂಟಕ್ಕೇರಿಸಿ, ಚೀಲ ಹಿಡಿದು ಪಡಸಾಲೆಗೆ ಬಂದಳು.

"ಮಾವಾರ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ. ನನ್ನ ಮಗಳಂಗ ನೋಡ್ಕೊಂಡೀರಿ. ಆದ್ರ ಈಕಿ ನಾಳೆ ಸಾಲಿಗೆ ಹೋಗಾಕಿ. ಗುರುಗಳಿಗೆ ಹಿಂಗ ನಮಸ್ಕಾರ ಮಾಡಿದ್ರ ಏನ್ ಮಾಡೂದ್ರಿ?"

"ಕೂಸದವ್ವಾ ಅದು. ಮರೀತೈತಿ."

"ಕೂಸು ಮರೀತೈತ್ರಿ. ನೀವು ಮರ್ಯಾಂಗಿಲ್ಲ." ಸೊಸೆ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. "ಮೂವತ್ತು ದಿನಾ. ನಿಮ್ಮ ಬಾಯಿಂದ ಒಂದು ಬೈಗಳಾನೂ ಬೀಳಬಾರ್ದು. ಬಿದ್ರ ಮತ್ತ ಮೊದಲಿಂದ ಎಣಿಕಿ. ಮೂವತ್ತು ತುಂಬಿದ ದಿನಾ ನಾನಾಗೇ ಬರ್ತೀನಿ, ಕರ್ಯಾಕ ಯಾರೂ ಬರೂದು ಬ್ಯಾಡ."

ಹೋದಳು. ಅವಳ ತವರು ದೂರವೇನಲ್ಲ, ಗಣಿಗೂ ಊರಿಗೂ ನಡುವೆ ದಾರಿಯಲ್ಲೇ ಇದ್ದ ಹಳ್ಳಿ. ಆದರೆ ಹೆಗಲು ಖಾಲಿಯಾದ ಮೇಲೆ ಹತ್ತಿರವೇನು, ದೂರವೇನು?

ಆ ಸಂಜೆ ಸಾಹುಕಾರ ಬಾಗಿಲು ತೆರೆದ. ಕಿರುಗುಟ್ಟಿತು. ಅಭ್ಯಾಸದಂತೆ ಬಡಗಿಯ ತಾತನಿಗೆ ಬೈದ. ಬೈದು, ನಿಂತ. ಒಳಗಿನಿಂದ ಯಾರೂ ಓಡಿ ಬರಲಿಲ್ಲ. ಯಾವ ತೊದಲು ಬಾಯಿಯೂ ಅದನ್ನೇ ಮತ್ತೆ ಹೇಳಲಿಲ್ಲ. ಮನೆ ಅವನ ಮಾತನ್ನು ನುಂಗಿಕೊಂಡು ಸುಮ್ಮನಿತ್ತು. ತನ್ನ ಬೈಗುಳ ತನಗೇ ಪೂರ್ತಿಯಾಗಿ ಕೇಳಿಸಿದ್ದು ಆ ಮನುಷ್ಯನಿಗೆ ಅವತ್ತೇ ಮೊದಲು.

ಮರುದಿನ ಅವನು ಊರ ಕಟ್ಟೆಗೆ ಹೋದ. ಗೌಡರು, ಹಿರಿಯರು ಕೂತಿದ್ದರು.

"ಗೌಡ್ರ, ನನಗ ದಂಡಾ ಹಾಕ್ರಿ."

ಗೌಡರು ಬೆಚ್ಚಿದರು. "ಯಾರಿಗೇನ್ ಮಾಡಿದ್ರಿ ಸಾಹುಕಾರ್ರ?"

"ಯಾರಿಗೂ ಏನೂ ಮಾಡಿಲ್ಲ. ಈ ಬಾಯಿಗೆ ಒಂದು ಕಡಿವಾಣ ಬೇಕಾಗೇತಿ. ನಾನಾಗೇ ಬಿಗೀಬೇಕಂದ್ರ ಆಗವಲ್ದು."

ದಂಡ ಬೇಡ ಎಂದು ಕೈಮುಗಿಯುವವರನ್ನು ಗೌಡರು ಕಂಡಿದ್ದರು. ದಂಡ ಹಾಕಿ ಎಂದು ಕೈಮುಗಿದವನನ್ನು ಕಂಡಿರಲಿಲ್ಲ. ಹಿರಿಯರೆಲ್ಲ ತಲೆಗೆ ತಲೆ ಕೊಟ್ಟು ಯೋಚಿಸಿದರು. ಒಬ್ಬನಿಗೆ ಹಾಕಿದರೆ ಹಗೆ, ಊರಿಗೇ ಹಾಕಿದರೆ ಕಟ್ಟಳೆ. ಊರ ನಡುವೆ ಒಂದು ಸಿಹಿನೀರಿನ ಬಾವಿ ಇತ್ತು, ಇಳಿದು ಹೋಗಿ ನೀರು ತುಂಬುವಂಥದ್ದು. ಅದರ ಮೆಟ್ಟಿಲುಗಳು ಕುಸಿದು ಎಷ್ಟೋ ವರ್ಷವಾಗಿತ್ತು. ಕೊಡ ಹೊತ್ತ ಹೆಣ್ಣುಮಕ್ಕಳು ಜಾರಿ ಬೀಳುತ್ತಿದ್ದರು. ಹಾಗಾಗಿ ಡಂಗುರ ಹೊಡೆಸಿದರು. ನಾಲ್ಕು ಜನರ ಕಿವಿಗೆ ಬೀಳುವಂತೆ ಯಾರು ಕೆಟ್ಟ ಮಾತಾಡಿದರೂ ಬಾವಿಗೆ ದಂಡ. ಸಾಹುಕಾರನಾದರೆ ಬೈಗುಳಕ್ಕೊಂದು ಹದ ಮಾಡಿದ ಕಲ್ಲು. ಗಣಿ ಇಲ್ಲದವರಾದರೆ ಬೈಗುಳಕ್ಕೊಂದು ಬುಟ್ಟಿ ಉಸುಕು, ಹಳ್ಳದಿಂದ ತಲೆಯ ಮೇಲೆ ಹೊತ್ತು ತರಬೇಕು.

ಮೊದಲ ದಿನ ಮೊದಲ ಬುಟ್ಟಿ ಹೊತ್ತವರು ಯಾರು ಗೊತ್ತೇ? ಗೌಡರೇ. ಡಂಗುರದವನು ತಪ್ಪಾಗಿ ಸಾರಿದನೆಂದು ಅವನಿಗೆ ಬೈದಿದ್ದರು.

ಹಳ್ಳ ಒಂದು ಮೈಲಿ ದೂರ. ಉಸುಕಿನ ಬುಟ್ಟಿ ಹೊತ್ತು ಮೈಲಿ ನಡೆದರೆ ಎಂಥ ವೇದಾಂತವೂ ತಲೆಗಿಳಿಯುತ್ತದೆ. ಹತ್ತು ದಿನದಲ್ಲಿ ಊರಿನ ಬಾಯಿಗಳೆಲ್ಲ ತೊಳೆದಿಟ್ಟ ತಂಬಿಗೆಯಂತಾದವು. ಸಾಹುಕಾರನೂ ಬಾಯಿ ಬಿಗಿಹಿಡಿದ. ಮೊದಲ ದಿನ ಹನ್ನೊಂದು ಕಲ್ಲು ಬಂದವು. ಆಮೇಲೆ ಏಳು. ಆಮೇಲೆ ಎರಡು. ಆಮೇಲೆ ಗಣಿಯ ಟ್ರ್ಯಾಕ್ಟರು ಬಾವಿಯ ಕಡೆ ಬರುವುದೇ ನಿಂತಿತು.

ಊರಿಗೆ ಸಂತೋಷವಾಗಬೇಕಿತ್ತು, ಅಲ್ಲವೇ? ಬಾಯಿ ಶುದ್ಧವಾಗಲಿ ಎಂದು ತಾನೇ ದಂಡ ಹಾಕಿದ್ದು? ಆದರೆ ಊರಿನವರು ಸಾಹುಕಾರನ ಬಾಯಿ ನೋಡಲಿಲ್ಲ. ಬಾವಿ ನೋಡಿದರು. ಮೆಟ್ಟಿಲು ಅರ್ಧಕ್ಕೆ ನಿಂತಿತ್ತು.

"ಹಿಂಗಾದ್ರ ಬಾವಿ ಮುಗಿಯೂದು ಯಾವಾಗ?" ಎಂದ ಚಾದಂಗಡಿಯವನು.

"ಸಾಹುಕಾರ್ರು ದೇವರಾಗಾಕ ಹೊಂಟಾರ" ಎಂದ ಕಟಿಂಗ್ ಅಂಗಡಿಯವನು. "ಅವರನ್ನ ಸ್ವಲ್ಪ ಕೆಳಗ ಇಳಿಸಬೇಕಾಗೇತಿ."

ನೋಡಿ, ಇಲ್ಲಿಂದ ಶುರುವಾಯಿತು.

ಸಾಹುಕಾರ ಗಡ್ಡ ಮಾಡಿಸಿಕೊಳ್ಳಲು ಬಂದು ಕೂತ. ಕಟಿಂಗ್ ಅಂಗಡಿಯವನು ಬಲಗೆನ್ನೆ ನುಣ್ಣಗೆ ಮಾಡಿದ. ಎಡಗೆನ್ನೆಗೆ ನೊರೆ ಹಚ್ಚಿದ. ಕತ್ತಿ ಕೆಳಗಿಟ್ಟ.

"ಏ, ಎಲ್ಲಿಗೆ ಹೊಂಟಿ?"

"ಇಲ್ಲೇ ರೀ ಸಾಹುಕಾರ್ರ, ಒಂದು ಚಾ ಕುಡ್ದು ಬಂದೆ. ಕೂಡ್ರಿ, ಕೂಡ್ರಿ."

ಅರ್ಧ ಗಂಟೆಯಾಯಿತು. ನೊರೆ ಒಣಗಿ ಕೆನ್ನೆ ಬಿಗಿಯಿತು. ಸಾಹುಕಾರ ಎದ್ದು ಬೀದಿಗೆ ಬಂದು ನೋಡಿದರೆ, ಆ ಮನುಷ್ಯ ಎದುರಿನ ಚಾದಂಗಡಿಯಲ್ಲಿ ಎರಡನೆಯ ಚಾ ಊದಿ ಊದಿ ಕುಡಿಯುತ್ತಿದ್ದಾನೆ. ಹನ್ನೆರಡು ದಿನ ಹಿಡಿದಿಟ್ಟ ಕಟ್ಟೆ ಒಡೆಯಿತು. ಮೂರು ಕಲ್ಲು. ಎಣಿಕೆ ಮತ್ತೆ ಒಂದರಿಂದ.

ಅದರ ನಂತರ ಊರಿಗೆ ರುಚಿ ಹತ್ತಿತು. ಬೆಳಿಗ್ಗೆ ಸಾಹುಕಾರ ಬೀದಿಗೆ ಕಾಲಿಟ್ಟರೆ ಒಬ್ಬ ಕೇಳಿದ, "ಎಲ್ಲಿಗೆ ಹೊಂಟ್ರಿ?" ಹತ್ತು ಹೆಜ್ಜೆಗೆ ಇನ್ನೊಬ್ಬ, "ಎಲ್ಲಿಗೆ ಹೊಂಟ್ರಿ?" ಮೂಲೆ ತಿರುಗಿದರೆ ಮತ್ತೊಬ್ಬ. ಹದಿನಾಲ್ಕು ಜನ, ಒಂದೇ ಪ್ರಶ್ನೆ, ಹದಿನಾಲ್ಕು ನಗುಮುಖ. ಇದರಲ್ಲಿ ಯಾರ ತಪ್ಪು? ಎಲ್ಲಿಗೆ ಹೊರಟಿರಿ ಎಂದು ಕೇಳುವುದು ಅಪರಾಧವೇ? ಅದಕ್ಕೆ ದಂಡ ಹಾಕುವ ಕಟ್ಟಳೆ ಎಲ್ಲಿದೆ? ಹದಿನಾಲ್ಕನ್ನೂ ಸಾಹುಕಾರ ತಡೆದುಕೊಂಡ. ಹದಿನೈದನೆಯವನು ಪ್ರಶ್ನೆ ಬದಲಿಸಿದ. "ಸೊಸಿ ಬಂದ್ಲೇನ್ರಿ?"

ಐದು ಕಲ್ಲು. ಎಣಿಕೆ ಮತ್ತೆ ಒಂದರಿಂದ.

ಗಣಿಯಿಂದ ಕಲ್ಲು ಹೊತ್ತ ಟ್ರ್ಯಾಕ್ಟರು ಸೊಸೆಯ ತವರಿನ ಮುಂದೆಯೇ ಹಾದು ಬರಬೇಕು. ಮಗು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿತ್ತು, ಅಜ್ಜನ ಟ್ರ್ಯಾಕ್ಟರು ಎಂದು. ಕಲ್ಲೆಂದರೆ ಬೈಗುಳ ಎಂಬ ಸುದ್ದಿ ಮುಟ್ಟಿದ್ದ ತಾಯಿ ಒಳಗಿನಿಂದಲೇ ಕಲ್ಲು ಎಣಿಸುತ್ತಿದ್ದಳು. ತಂದ ಚೀಲವನ್ನು ಪೂರ್ತಿ ಬಿಚ್ಚಲೂ ಆಗದೆ, ಮತ್ತೆ ಕಟ್ಟಲೂ ಆಗದೆ, ಹಾಗೇ ಮೂಲೆಗೆ ಸರಿಸುತ್ತಿದ್ದಳು.

ಮೂರನೆಯ ಸಲ ಸಾಹುಕಾರ ಬೇರೆ ದಾರಿ ಹಿಡಿದ. ಬೈಗುಳದ ಜೊತೆ ಕುಸ್ತಿಗೆ ನಿಲ್ಲಲಿಲ್ಲ. ಅದು ಗಂಟಲಿಗೆ ಬಂದಾಗ ಸುಮ್ಮನೆ ಅದರ ಪಕ್ಕದಲ್ಲಿ ಕೂತ. ಕೂತರೆ ಏನಾಗುತ್ತದೆ? ಬೇರೆ ಸದ್ದುಗಳು ಕೇಳಿಸುತ್ತವೆ. ಗಣಿಯಲ್ಲಿ ಒಬ್ಬ ಮುದುಕ ಸುತ್ತಿಗೆ ಎತ್ತುವ ಮೊದಲು ಪ್ರತಿ ಸಲ ಕೆಮ್ಮುವುದು ಕೇಳಿಸಿತು. ಹತ್ತು ವರ್ಷದಿಂದ ಕೆಮ್ಮುತ್ತಿದ್ದನಂತೆ. ಸಾಹುಕಾರ ಅವನನ್ನು ಆಸ್ಪತ್ರೆಗೆ ಕಳಿಸಿ, ಬಂದ ಮೇಲೆ ನೆರಳಿನ ಕೆಲಸಕ್ಕೆ ಹಾಕಿದ. ತನ್ನ ಮಗ ಗುನುಗುನು ಹಾಡುತ್ತಾನೆಂಬುದು ಕೇಳಿಸಿತು. ಮಗನಿಗೆ ಮೂವತ್ತು ವರ್ಷ, ಅಪ್ಪ ಅವನ ಹಾಡು ಕೇಳಿದ್ದು ಅದೇ ಮೊದಲು. ಹತ್ತು ದಿನ, ಇಪ್ಪತ್ತು ದಿನ. ಚಾದಂಗಡಿಯವನು ಚಾಕ್ಕೆ ಉಪ್ಪು ಹಾಕಿಕೊಟ್ಟ. ಸಾಹುಕಾರ ಪೂರ್ತಿ ಕುಡಿದು "ಚೊಲೋ ಆಗೇತಿ" ಎಂದ. ಇಪ್ಪತ್ತೊಂಬತ್ತನೆಯ ದಿನ ಬಂತು.

ಬಾವಿಯಲ್ಲಿ ಉಳಿದದ್ದು ನೀರಿಗೆ ತಾಗುವ ಕಟ್ಟಕಡೆಯ ಮೆಟ್ಟಿಲು. ಅದಕ್ಕೆ ಮೂರು ಉದ್ದ ಕಲ್ಲು ಬೇಕು. ನಾಳೆ ಸೊಸೆ ಬಂದಳೆಂದರೆ ಸಾಹುಕಾರ ಇನ್ನು ಬೈದಾನೆಯೇ? ಇವತ್ತೇ ಕೊನೆ. ಆಗ ಚಾದಂಗಡಿಯವನು ಒಂದು ಕೆಲಸ ಮಾಡಿದ. ಮಧ್ಯಾಹ್ನ ಸಾಹುಕಾರನ ಬಾಗಿಲಲ್ಲಿ ನಿಂತು ಕೂಗಿದ. "ಸಾಹುಕಾರ್ರ! ನಿಮ್ಮ ಸೊಸಿ ನಾಕರ ಬಸ್ಸಿಗೆ ಬರ್ತಾಳಂತ್ರಿ! ಕೂಸಿನ್ನ ಕರ್ಕೊಂಡು! ಡ್ರೈವರ್ ಹೇಳಿ ಕಳಿಸ್ಯಾನ!"

ಸಾಹುಕಾರ ರುಮಾಲು ಸುತ್ತಿಕೊಳ್ಳುವುದನ್ನೂ ಮರೆತು ಹೊರಟ. ದಾರಿಯಲ್ಲಿ ಬೆಂಡು ಬತ್ತಾಸು ಕಟ್ಟಿಸಿಕೊಂಡ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ. ನಾಲ್ಕರ ಬಸ್ಸು ಬಂತು. ಎಲ್ಲರೂ ಇಳಿದರು, ಅವಳಿಲ್ಲ. ಐದರ ಬಸ್ಸು ಬಂತು. ಇಬ್ಬರು ಇಳಿದರು, ಒಂದು ಮೇಕೆ ಇಳಿಯಿತು, ಅವಳಿಲ್ಲ. ಆಗ ಸಾಹುಕಾರ ಸುತ್ತ ನೋಡಿದ. ನಿಲ್ದಾಣದಲ್ಲಿ ಯಾಕಿಷ್ಟು ಜನ? ಕಟಿಂಗ್ ಅಂಗಡಿಯವನು ಅಂಗಡಿ ಬಿಟ್ಟು ಇಲ್ಲೇಕೆ? ಗೌಡರು ಪೇಪರು ಓದುತ್ತಿದ್ದಾರೆ, ಆದರೆ ಪೇಪರು ತಲೆಕೆಳಗಾಗಿದೆಯಲ್ಲ? ಎಲ್ಲರ ಕಣ್ಣೂ ಒಂದೇ ಕಡೆ. ಅವನ ತುಟಿಯ ಮೇಲೆ.

ಅರ್ಥವಾಯಿತು.

ಬಂತು. ನಲವತ್ತು ವರ್ಷದ ಗಣಿ ಗಂಟಲಿಗೆ ಬಂತು. ಎದೆ ಉಬ್ಬಿತು, ಕತ್ತಿನ ನರ ಎದ್ದಿತು, ಬಾಯಿ ತೆರೆಯಿತು. ಊರೇ ಉಸಿರು ಹಿಡಿದು ಕಾಯಿತು.

ಏನೂ ಬರಲಿಲ್ಲ. ಸಾಹುಕಾರ ಕೈಯಲ್ಲಿದ್ದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅದರ ದಾರವನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಇನ್ನ ಎಷ್ಟು ಕಲ್ಲು ಬೇಕಾಗ್ಯಾವಪಾ?"

"ಮೂರು" ಎಂದುಬಿಟ್ಟ ಚಾದಂಗಡಿಯವನು. ಅಂದ ಮೇಲೆ ಬಾಯಿ ಮುಚ್ಚಿಕೊಂಡ.

"ಕೇಳಿದ್ರ ಕೊಡ್ತಿದ್ದೆನಲ್ಲೋ."

ಗೌಡರು ಪೇಪರು ಕೆಳಗಿಳಿಸಿದರು. "ಕೇಳೂ ಧೈರ್ಯ ಯಾರಿಗಿತ್ರಿ ಸಾಹುಕಾರ್ರ? ಹತ್ತು ವರ್ಷದ ಹಿಂದ ಒಮ್ಮಿ ಬಂದಿದ್ದೆ, ಬಾವಿಗೆ ಕಲ್ಲು ಕೊಡ್ರಿ ಅಂತ ಕೇಳಾಕ. ಬಾಯಿ ತೆರೆಯೂದ್ರೊಳಗ ನೀವು ನನಗ ಏನಂದ್ರಿ ನೆನಪೈತೇನು?"

ಸಾಹುಕಾರನಿಗೆ ನೆನಪಿರಲಿಲ್ಲ. ಅಂದವನಿಗೆ ನೆನಪಿರುವುದಿಲ್ಲ. ಅನ್ನಿಸಿಕೊಂಡವನು ಹತ್ತು ವರ್ಷ ಕೇಳದೆ ಇರುತ್ತಾನೆ. ಹೆಣ್ಣುಮಕ್ಕಳು ಹತ್ತು ವರ್ಷ ಜಾರಿ ಬೀಳುತ್ತಾರೆ.

"ತಪ್ಪಾತ್ರಿ ಗೌಡ್ರ" ಎಂದು ಎದ್ದ. "ನಾಳೆ ಮುಂಜಾನೆ ಮೂರೂ ಕಲ್ಲು ಕಳಿಸ್ತೀನಿ. ದಾರ್ಯಾಗ ಟ್ರ್ಯಾಕ್ಟರ್ ಕಂಡ್ರ ಆಕಿ, ಮಾವ ಮತ್ತ ಬೈದಾನ ಅಂತ ತಿಳೀತಾಳ. ಬರೂದಿಲ್ಲ. ಇರ್ಲಿ. ಹೆಣ್ಮಕ್ಕಳು ಬೀಳೂದರ ತಪ್ಪಲಿ." ಪೊಟ್ಟಣವನ್ನು ಚಾದಂಗಡಿಯವನ ಕೈಗಿಟ್ಟ. "ನಿನ್ನ ಮಕ್ಕಳಿಗೆ ಕೊಡು."

ಹೋದ. ಹೋಗುವ ದಾರಿಯಲ್ಲಿ ಎಲ್ಲಿಗೆ ಹೊರಟಿರಿ ಎಂದು ಯಾರೂ ಕೇಳಲಿಲ್ಲ.

ಮರುದಿನ ಟ್ರ್ಯಾಕ್ಟರು ಹೊರಡುವ ಮೊದಲೇ ಮೂರು ಜನ ಸೊಸೆಯ ತವರಿನ ಬಾಗಿಲಲ್ಲಿ ನಿಂತಿದ್ದರು. ಗೌಡರು, ಕಟಿಂಗ್ ಅಂಗಡಿಯವನು, ಚಾದಂಗಡಿಯವನು. ಯಾರು ಮೊದಲು ಮಾತಾಡಬೇಕೆಂದು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದರು. ಕೊನೆಗೆ ನೊರೆಯ ಕಥೆ, ಉಪ್ಪಿನ ಕಥೆ, ಬಸ್ಸಿನ ಕಥೆ, ಎಲ್ಲವೂ ಹೊರಬಂದವು. "ನಿಮ್ಮ ಮಾವಾರು ಮೂವತ್ತು ದಿನಾ ತುಂಬ್ಸ್ಯಾರ ತಂಗೀ. ಇವತ್ತು ಬರೂವು ದಾನದ ಕಲ್ಲು. ಅದಕ್ಕ ನಾವ ಸಾಕ್ಷಿ."

ಸೊಸೆ ಕೇಳಿದಳು. ನಗಬೇಕೋ ಬೇಡವೋ ಎಂದು ಅವಳ ತುಟಿ ಸ್ವಲ್ಪ ಹೊತ್ತು ಹೊಯ್ದಾಡಿತು.

"ಗೌಡ್ರ, ಅವರು ಬೈದದ್ದಕ್ಕ ಕಲ್ಲು ತಗೊಂಡ್ರಿ. ನೀವು ಬೈಸಿದ್ದಕ್ಕ ಏನ್ ಕೊಡ್ತೀರಿ?"

"ಉಸುಕು ಹೊರ್ತೀವವ್ವಾ. ಹತ್ತು ಬುಟ್ಟಿ ಅನ್ನು, ಇಪ್ಪತ್ತು ಬುಟ್ಟಿ ಅನ್ನು" ಎಂದ ಕಟಿಂಗ್ ಅಂಗಡಿಯವನು.

"ಉಸುಕ ಬ್ಯಾಡ್ರಿ. ಆ ಮೂರು ಕಲ್ಲು ಟ್ರ್ಯಾಕ್ಟರಿಗೆ ಹಾಕಬ್ಯಾಡ್ರಿ. ಯಾರ್ಯಾರು ಕೆಣಕೀರಿ, ಎಲ್ಲಾರೂ ಹೆಗಲು ಕೊಟ್ಟು ಹೊತ್ಕೊಂಡು ಬರ್ರಿ. ಹಿಂದ ನಾನು ಕೂಸಿನ್ನ ಕರ್ಕೊಂಡು ಬರ್ತೀನಿ."

ಆ ಮೆರವಣಿಗೆ ನೋಡಬೇಕಿತ್ತು ನೀವು! ಬೊಂಬಿಗೆ ಹಗ್ಗ ಕಟ್ಟಿ ಕಲ್ಲು ತೂಗುಹಾಕಿ, ಒಂದೊಂದಕ್ಕೆ ಎಂಟು ಜನ. ಎಲ್ಲಿಗೆ ಹೊರಟಿರಿ ಎಂದು ಕೇಳಿದ ಹದಿನಾಲ್ಕೂ ಜನ ಅದರಲ್ಲಿದ್ದರು, ಹದಿನೈದನೆಯವನು ಎಲ್ಲರಿಗಿಂತ ಮುಂದಿದ್ದ. ಮಧ್ಯದಾರಿಯಲ್ಲಿ ಕಲ್ಲು ಇಳಿಸುವಾಗ ಗೌಡರ ಹೆಬ್ಬೆರಳು ಅಡಿಗೆ ಸಿಕ್ಕಿತು. ಗೌಡರ ಬಾಯಿ ಅಗಲವಾಗಿ ತೆರೆಯಿತು. ಎಲ್ಲರೂ ತಿರುಗಿ ನೋಡಿದರು. ಹಿಂದೆ ಸೊಸೆ, ಸೊಂಟದ ಮೇಲೆ ಮಗು. ಗೌಡರ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಒಳಗಿದ್ದದ್ದೆಲ್ಲ ಒದ್ದಾಡಿ ಒದ್ದಾಡಿ ಕೊನೆಗೆ "ಶಿವಾ!" ಎಂದು ಹೊರಬಂತು. ಜೀವಮಾನದಲ್ಲಿ ಅವರು ಅಷ್ಟು ಮನಸ್ಸಿಟ್ಟು ದೇವರನ್ನು ಕರೆದಿರಲಿಲ್ಲ.

ಸಾಹುಕಾರ ಬಾವಿಯ ಮೆಟ್ಟಿಲ ಮೇಲೆ ನಿಂತು ಟ್ರ್ಯಾಕ್ಟರಿನ ದಾರಿ ಕಾಯುತ್ತಿದ್ದ. ಮೊದಲು ಕಲ್ಲು ಕಂಡವು. ಆಮೇಲೆ ಬೆವರಿದ ಮುಖಗಳು. ಆಮೇಲೆ, ಎಲ್ಲರ ಹಿಂದೆ, ಮೊಮ್ಮಗಳು. ಅವಳು ತಾಯಿಯ ಸೊಂಟದಿಂದ ಇಳಿದು ಸೆರಗಿನ ಹಿಂದೆ ಅಡಗಿಕೊಂಡಳು. ಅಜ್ಜನನ್ನು ಕಂಡು ಎರಡು ತಿಂಗಳ ಮೇಲಾಗಿತ್ತಲ್ಲ. ಸಾಹುಕಾರ ಕೂಗಲಿಲ್ಲ, ಕರೆಯಲಿಲ್ಲ. ಮೆಟ್ಟಿಲ ಮೇಲೆ ಕೂತುಕೊಂಡ, ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು. ಮಗು ಒಂದು ಮೆಟ್ಟಿಲು ಇಳಿಯಿತು. ನಿಂತಿತು. ಇನ್ನೊಂದು ಇಳಿಯಿತು. ಬಂದು ಆ ಜಾಗದಲ್ಲಿ ಕೂತಿತು. ಅಜ್ಜ, ಮೊಮ್ಮಗಳು ಇಬ್ಬರೂ ಊರಿನವರು ಕೊನೆಯ ಮೆಟ್ಟಿಲು ಕೂರಿಸುವುದನ್ನು ನೋಡಿದರು.

ಕಥೆ ಅಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ. ತಪ್ಪಿಸಿಕೊಳ್ಳಬೇಡಿ, ಹಿಂದಿನ ಸಾಲಿನವರೇ.

ಬೈಯಬೇಡಿ ಎಂದು ಹೇಳುವುದಕ್ಕೆ ನಾನು ಬೇಕೇ? ಅದು ನಿಮಗೆ ಗೊತ್ತು. ನಾನು ಕೇಳುವುದು ಬೇರೆ. ನಿಮ್ಮ ಮನೆಯಲ್ಲಿ ಬಾಯಿ ಕೆಟ್ಟವರೊಬ್ಬರು ಇದ್ದಾರಲ್ಲ, ಅವರ ಬಾಯಿ ತೆರೆಯುವ ಬೀಗದ ಕೈ ಯಾರ ಸೊಂಟದಲ್ಲಿದೆ? ಯಾವ ಮಾತು ಹೇಳಿದರೆ ಗಂಡ ಸಿಡಿಯುತ್ತಾನೆಂದು ಗೊತ್ತಿದ್ದೂ ಊಟಕ್ಕೆ ಕೂತಾಗಲೇ ಆ ಮಾತು ತೆಗೆಯುವುದಿಲ್ಲವೇ? ತವರಿನ ಸುದ್ದಿ ಎತ್ತಿದರೆ ಹೆಂಡತಿ ಉರಿಯುತ್ತಾಳೆಂದು ಗೊತ್ತಿದ್ದೂ ನಾಲ್ಕು ಜನರೆದುರು ಅದನ್ನೇ ಎತ್ತುವುದಿಲ್ಲವೇ? ಅವರು ಸಿಡಿದರೆ ತಪ್ಪು ಅವರದು. ನಮ್ಮದೇನು? ನಾವು ಬರೀ ಎಲ್ಲಿಗೆ ಹೊರಟಿರಿ ಎಂದು ಕೇಳಿದೆವು!

ಯಾಕೆ ಕೆಣಕುತ್ತೇವೆ? ನೋಡಿ, ಕೆಣಕುವವನಿಗೂ ಏನೋ ಒಂದು ಬೇಕಾಗಿರುತ್ತದೆ. ಆ ಊರಿಗೆ ಕಲ್ಲು ಬೇಕಿತ್ತು. ನಿಮಗೆ ಒಂದು ಒಳ್ಳೆಯ ಮಾತು ಬೇಕಿರಬಹುದು. ಪಕ್ಕದಲ್ಲಿ ಅರ್ಧ ಗಂಟೆ ಕೂತರೆ ಸಾಕು ಅನ್ನಿಸಿರಬಹುದು. ಅದನ್ನು ಕೇಳುವ ಧೈರ್ಯವಿಲ್ಲ, ಅದಕ್ಕೆ ಚುಚ್ಚುತ್ತೇವೆ. ಇನ್ನು ಸಾಹುಕಾರರೇ, ನೀವೂ ಇಲ್ಲಿ ಕೂತಿದ್ದೀರಿ, ನನಗೆ ಗೊತ್ತು. ನಿಮ್ಮ ಮುಂದೆ ಕೈಚಾಚಲು ಬಂದು, ಬಾಯಿಗೆ ಹೆದರಿ, ಬಾಗಿಲಿನಿಂದಲೇ ಹಿಂದಿರುಗಿದವರು ಎಷ್ಟು ಜನ? ನಿಮಗೆ ನೆನಪಿಲ್ಲ. ಮನೆಗೆ ಹೋಗಿ ಮಕ್ಕಳನ್ನು ಕೇಳಿ, ಅವರಿಗೆ ನೆನಪಿರುತ್ತದೆ.

ನಾಳೆಯಿಂದ ಇಷ್ಟು ಮಾಡಿ. ನಾಲಗೆಯ ತುದಿಗೆ ಚುಚ್ಚುಮಾತು ಬಂದಾಗ ಅದನ್ನು ಅಲ್ಲೇ ನಿಲ್ಲಿಸಿ. ಇವರಿಂದ ನನಗೆ ಬೇಕಾಗಿರುವುದೇನು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಸಿಕ್ಕಿದರೆ ಅದನ್ನೇ ಬಾಯಿಬಿಟ್ಟು ಕೇಳಿ. ಯಾರಾದರೂ ನಿಮ್ಮ ಹತ್ತಿರ ಕೇಳಲು ಬಂದರೆ, ಅವರ ಮಾತು ಮುಗಿಯುವ ತನಕ ನಿಮ್ಮ ಬಾಯಿ ಮುಚ್ಚಿರಲಿ. ಇದಕ್ಕೆ ಡಂಗುರ ಬೇಡ, ಕಟ್ಟಳೆ ಬೇಡ, ಹಳ್ಳದ ಉಸುಕೂ ಬೇಡ.

ಈಗ ಎಲ್ಲರೂ ಒಂದು ಗಳಿಗೆ ಸುಮ್ಮನೆ ಕೂತುಕೊಳ್ಳಿ. ನೀವು ಈ ವಾರ ಯಾರನ್ನು ಕೆಣಕಿದಿರಿ, ಅವರ ಮುಖ ನೆನಪು ಮಾಡಿಕೊಳ್ಳಿ. ನೆನಪಾಯಿತೇ? ಅವರು ಬಹುಶಃ ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ. ಏಳುವ ಮೊದಲು ಅವರ ಕಡೆ ತಿರುಗಿ, ಬೇಕಾದದ್ದನ್ನು ಕೇಳಿ. ಕೊಟ್ಟಾರು. ಕೊಡದಿದ್ದರೆ ಇಲ್ಲ ಎಂದಾರು. ಅದಾದರೂ ನೀವು ಕೇಳಿ ಪಡೆದ ಮಾತು.